ಎರಡನೇ ಕೋಟ್ ಒಣಗಲಿ

ವಾಲ್ನೂರಿನಿಂದ ಸಿದ್ದಾಪುರದ ಕಡೆಗೆ ಕಾವೇರಿ ದಂಡೆ ಹಿಡಿದು ಬಂದರೆ, ಯಾವುದೋ ಒಂದು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ, ನಾಲ್ಕು ಡಾಂಬರು ಡ್ರಮ್ಮಿನ ಮೇಲೆ ಏರಿ ಕೂತ ಹಳೇ ಫೈಬರ್ ದೋಣಿಯೊಂದು ಕಾಣುತ್ತದೆ. ಅದರ ಪಕ್ಕ ಖಾಕಿ ಚಡ್ಡಿ ತೊಟ್ಟು, ಬಾಯಲ್ಲಿ ಹಿತ್ತಾಳೆ ಸ್ಕ್ರೂ ಕಚ್ಚಿಕೊಂಡು ನಿಂತವರೇ ನಮ್ಮ ಸುಬೇದಾರ್ ಮಾವ. ಹೆಸರು ಬೇಡ. ಕೊಡಗಿನಲ್ಲಿ ಒಂದು ಹೆಸರೆತ್ತಿದರೆ ಅರ್ಧ ಜಿಲ್ಲೆ ನೆಂಟರಾಗಿ ಎದ್ದು ನಿಲ್ಲುತ್ತದೆ. ಅಲ್ಲದೆ ಮಾವ ಒಬ್ಬರೇ ಅಲ್ಲ. ಹೊಳೆ ಇಲ್ಲದ ಊರಿನಲ್ಲಿ ಇವರೇ ಹಳೇ ಜೀಪು ಇಟ್ಟುಕೊಂಡಿರುತ್ತಾರೆ.

ಯಾವುದೋ ರೆಸಾರ್ಟಿನವರು ಬೇಡವೆಂದು ಬಿಟ್ಟ ದೋಣಿ ಅದು. ಅಂಚಿನ ಸುತ್ತ ತೇಗದ ಬೀಡಿಂಗ್, ಎರಡೂ ಪಕ್ಕಕ್ಕೆ ಕೆಂಪು–ಹಳದಿ ಪಟ್ಟೆ, ಹಗ್ಗ ಕಟ್ಟಲು ಹಿತ್ತಾಳೆ ಕೊಂಡಿ. ಎಂಜಿನ್ ಇಲ್ಲ. "ಅದೆಲ್ಲ ಆಮೇಲೆ. ಮೊದಲು ನೋಡೋ ಹಾಗಿರಬೇಕು" ಎನ್ನುತ್ತಾರೆ ಮಾವ. ತಳದಲ್ಲಿ ತೂತಿದೆಯೇ ಎಂದು ಅವರು ಬಗ್ಗಿ ನೋಡಿದ್ದನ್ನು ಯಾರೂ ಕಂಡಿಲ್ಲ.

ಸರ್ವಿಸಿನಲ್ಲಿ ಮಾವನ ತಲೆಗೆ ಹತ್ತಿದ ಪಾಠ ಒಂದೇ: ಇನ್ಸ್‌ಪೆಕ್ಷನ್ ಯಾವ ಗಳಿಗೆಯಲ್ಲೂ ಬರಬಹುದು. ಬೂಟಿನಲ್ಲಿ ಮುಖ ಕಾಣಬೇಕು, ಬಕಲ್ ಫಳಫಳ ಅನ್ನಬೇಕು. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು, ಇನ್ಸ್‌ಪೆಕ್ಷನ್ನಿಗೆ ಬರಬೇಕಾದ ಸಾಹೇಬರೂ ತೀರಿಕೊಂಡರು, ಬ್ರಾಸೋ ಡಬ್ಬಿ ಮಾತ್ರ ಕೈ ಬಿಟ್ಟಿಲ್ಲ. 1949ರ ಜನವರಿ 15ರಂದು ಕಾರ್ಯಪ್ಪನವರು ಇಡೀ ಸೇನೆಯ ಚುಕ್ಕಾಣಿ ಹಿಡಿದರು. ಅಂಥವರ ಜಿಲ್ಲೆಯಲ್ಲಿ ಒಂದು ದೋಣಿಯ ಚುಕ್ಕಾಣಿಗೆ ಪಾಲಿಶ್ ಇಲ್ಲವೆಂದರೆ ಮರ್ಯಾದೆ ಏನು ಉಳಿಯಿತು ಎಂಬುದು ಮಾವನ ವಾದ.

ಮೊದಲು ಕೈ ಹಾಕಿದ್ದು ಪಟ್ಟೆಗೆ. ಅಂಚು ಎದ್ದು ಚಕ್ಕೆ ಚಕ್ಕೆಯಾಗಿತ್ತು. ಕುಶಾಲನಗರದಿಂದ ಜೀಪಿಗೆ ಸ್ಟಿಕ್ಕರ್ ಅಂಟಿಸುವ ಹುಡುಗ ಬಂದ. ಹಳೇ ಸ್ಟಿಕ್ಕರನ್ನು ಬಿಸಿ ಮಾಡಿ ಕೀಳಬೇಕು ಎಂದ. ಬೆಂಗಳೂರಿನಿಂದ ಬಂದಿದ್ದ ಮಗಳ ಹೇರ್ ಡ್ರೈಯರ್ ಶೆಡ್ಡಿಗೆ ಹೋಯಿತು, ಮಗಳು ಒದ್ದೆ ತಲೆಯಲ್ಲೇ ಮದುವೆ ಮನೆಗೆ ಹೋದಳು. ಪಟ್ಟೆ ಬಂತು, ಆದರೆ ಪಟ್ಟೆಯ ನೆರಳು ಹೋಗಲಿಲ್ಲ! ಸುತ್ತಲಿನ ಬಣ್ಣ ಬಿಸಿಲಿಗೆ ಪೇಲವವಾಗಿ, ಸ್ಟಿಕ್ಕರಿನಡಿ ಇದ್ದ ನೀಲಿ ಹೊಚ್ಚ ಹೊಸದಾಗಿಯೇ ಉಳಿದಿತ್ತು. "ಅದರ ಮೇಲೇ ಹೊಸದು ಅಂಟಿಸಿದ್ರೆ ಆಯ್ತಲ್ಲ ಸಾರ್" ಎಂದ ಹುಡುಗನನ್ನು ಮಾವ ಕೋರ್ಟ್ ಮಾರ್ಷಲ್ ಮಾಡುವ ಕಣ್ಣಲ್ಲಿ ನೋಡಿದರು. "ಒಳಗೆ ಎಂತ ಉಂಟು ಅಂತ ನನಗೆ ಗೊತ್ತುಂಟಲ್ಲ!" ಮೂರು ಡಬ್ಬಿ ಕಾಂಪೌಂಡ್ ತೀರುವ ತನಕ ಉಜ್ಜಿದರು.

ಆಮೇಲೆ ತೇಗದ ಬೀಡಿಂಗ್. ಎರಡು ಮೊಳದಷ್ಟು ಪೂರಾ ಕುಂಬಾಗಿತ್ತು. ಹೊಸ ಮರ ಬೇಕು. ಮಾವನ ತೋಟದಲ್ಲಿ ತೇಗ ಉಂಟು, ತಬ್ಬಿದರೆ ಕೈ ಕೂಡದ ಬೀಟೆಯೂ ಉಂಟು. ಆದರೆ ಜಾಗ ರಿಡೀಮ್ ಆಗದ್ದು. ಮರದ ಬೆಲೆ ಕಟ್ಟದ ಹೊರತು ಆ ಮರ ಸರಕಾರದ್ದು. ಕಾಫಿಗೆ ನೆರಳು ಮಾವನಿಗೆ, ಮರ ಸರಕಾರಕ್ಕೆ. ಹೀಗಾಗಿ ತಮ್ಮದೇ ತೇಗದ ನೆರಳಿನಲ್ಲಿ ನಡೆದುಹೋಗಿ ಡಿಪೋದ ತೇಗ ಕೊಂಡು ತಂದರು.

ಆಚಾರಿ ಪಯ್ಯನ್ನೂರು ಕಡೆಯವರು. ಕೂಲಿಯ ಜೊತೆಗೆ ಮಿಲಿಟರಿ ಕೋಟಾದ ಅರ್ಧ ಬಾಟಲಿ ಎಂದು ಮೊದಲೇ ಮಾತಾಗಿತ್ತು. ಬಾಟಲಿ ಗಾಜಿನ ಚೂರು ಹಿಡಿದು, ಮರದ ಎಳೆ ನೋಡಿಕೊಂಡು ಅವರು ಹಳೇ ವಾರ್ನಿಷ್ ಕೆರೆಯುತ್ತಿದ್ದರೆ ಜೇನುಬಣ್ಣದ ಹೊಟ್ಟು ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಹಿಂದಿನವರು ಕಬ್ಬಿಣದ ಸ್ಕ್ರೂ ಹೊಡೆದ ಕಡೆಯೆಲ್ಲ ಮರ ಕಪ್ಪಾಗಿತ್ತು. "ವಾರ್ನಿಷ್ ಯಾಕೆ ಸಾವ್ಕಾರ್ರೇ, ನಮ್ಮ ಕಡೆ ದೋಣಿಗೆ ಮೀನೆಣ್ಣೆ" ಎಂದರು ಆಚಾರಿ. ಮಾವ ಒಪ್ಪಿಯೇಬಿಟ್ಟಿದ್ದರು. ಮನೆಯೊಳಗಿಂದ ಹೆಂಡತಿಯ ದನಿ ಬಂತು: "ಹಚ್ಚಿ ನೋಡಿ. ಊರಿನ ಬೆಕ್ಕೆಲ್ಲ ಇಲ್ಲೇ ಸಂಸಾರ ಹೂಡ್ತವೆ. ಅವುಗಳ ಜೊತೆ ನೀವೂ ಶೆಡ್ಡಲ್ಲೇ ಇರಿ." ಮಂಗಳೂರು ಬಂದರಿನಿಂದ ವಾರ್ನಿಷ್ ಬಂತು.

ದೋಣಿ ನೀರಿಗಿಳಿಯುವುದು ಯಾವಾಗ? ಇದು ಊರಿನವರ ಕುಚೋದ್ಯದ ಪ್ರಶ್ನೆ. ಮಾವನ ಬಳಿ ಉತ್ತರ ಸಿದ್ಧ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಳೆಯಲ್ಲಿ ರಭಸ, ಇಳಿಸಿದರೆ ದೋಣಿ ಸೀದಾ ಕೆ.ಆರ್.ಎಸ್.ಗೆ. ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು. ಮಾರ್ಚ್ ಮೇಲೆ ಹೊಳೆಯಲ್ಲಿ ನೀರಿಗಿಂತ ಬಂಡೆ ಜಾಸ್ತಿ. ನಡುವೆ ಉಳಿಯುವ ನಾಲ್ಕು ಒಣ ದಿನ ವಾರ್ನಿಷ್‌ಗೆ ಬೇಕು: ತೆಳ್ಳಗೆ ಹಚ್ಚಬೇಕು, ಒಣಗಬೇಕು, ಉಪ್ಪುಕಾಗದದಲ್ಲಿ ಉಜ್ಜಬೇಕು, ಮತ್ತೆ ಹಚ್ಚಬೇಕು. ತೇವ ಹಿಡಿದ ಮರಕ್ಕೆ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಿಲ್ಲೆಯಲ್ಲಿ ಒಣ ಮರ ಹುಡುಕುವುದೇ ಒಂದು ಉದ್ಯೋಗ. ದೋಣಿ ಬಿಡಬಹುದಾದ ದಿನ ಮತ್ತು ವಾರ್ನಿಷ್ ಒಣಗುವ ದಿನ ಎರಡೂ ಒಂದೇ. ಮಾವ ಎಂದೂ ವಾರ್ನಿಷ್ ಪಕ್ಷ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ. ಕೊಡವರಿಗೆ 1861ರಿಂದಲೂ ಕೋವಿಗೆ ಲೈಸೆನ್ಸಿನ ತಾಪತ್ರಯವಿಲ್ಲ. ಮಾವ ಒಂದು ಹೂವನ್ನು ದೋಣಿಯ ಹಿತ್ತಾಳೆ ಕೊಂಡಿಗೂ ಸಿಕ್ಕಿಸುತ್ತಾರೆ. ಹಬ್ಬದ ಹಂದಿ ಸಾರು ಉಂಡು ಹೊರಬಂದ ನೆಂಟರು ದೋಣಿಗೂ ಕೈ ಮುಗಿದೇ ಹೋಗಬೇಕು. ದೂರದಿಂದ, ಮುಟ್ಟದೆ.

ಹಾಗಿರುವಾಗ ಒಂದು ಆಗಸ್ಟಿನಲ್ಲಿ ಮಳೆ ಹಟ ಹಿಡಿಯಿತು. ಹಾರಂಗಿ ತನ್ನ 2,859 ಅಡಿ ಮುಟ್ಟಿತೆಂದು 'ಶಕ್ತಿ' ಪತ್ರಿಕೆಯಲ್ಲಿ ಬಂದ ಬೆನ್ನಿಗೇ ನಮ್ಮ ಹೊಳೆಯೂ ಗದ್ದೆಗೆ ನುಗ್ಗಿತು. ಗದ್ದೆಯಾಚೆ ಮೇಷ್ಟರ ಸಂಸಾರ ಜಗಲಿ ಮೇಲೆ ನಿಂತು ಕೂಗುತ್ತಿತ್ತು. ಮಾವ ಎರಡು ಮಾತಾಡಲಿಲ್ಲ. ನಾಲ್ಕು ಹುಡುಗರನ್ನು ಕರೆದು, ದೋಣಿ ಇಳಿಸಿ, ಬಿದಿರು ಗಳ ಹಿಡಿದು ತಾವೇ ನಿಂತರು. ದೋಣಿ ತೇಲಿತು! ಊರಿಗೇ ಆಶ್ಚರ್ಯ, ಮಾವನಿಗೂ ಸ್ವಲ್ಪ.

ಮೇಷ್ಟರ ಮನೆಯವರು ಹತ್ತುತ್ತಿದ್ದಂತೆ ಮಳೆಯ ಸದ್ದನ್ನೂ ಮೀರಿಸಿ ಆರ್ಡರ್ ಬಂತು: "ಅಂಚು ಮುಟ್ಟಬೇಡಿ! ಎರಡನೇ ಕೋಟ್ ಒಣಗಿಲ್ಲ!"

ಮೇ ತಿಂಗಳಲ್ಲಿ ಹಚ್ಚಿದ್ದು, ಆಗಸ್ಟ್ ಆದರೂ ಅಂಟು ಬಿಟ್ಟಿರಲಿಲ್ಲ. ಮೇಷ್ಟ್ರು, ಮೇಷ್ಟರ ಹೆಂಡತಿ, ಎರಡು ಮಕ್ಕಳು ಶರಣಾದ ಶತ್ರು ಸೈನಿಕರ ಹಾಗೆ ಕೈ ಮೇಲೆತ್ತಿಕೊಂಡೇ ಪ್ರವಾಹ ದಾಟಿದರು. ಹಿಡಿದುಕೊಳ್ಳದೆಯೂ ನೆಮ್ಮದಿಯಾಗಿ ಕೂತದ್ದು ನಾಯಿ ಒಂದೇ, ಅದೂ ಅಭ್ಯಾಸಬಲದಿಂದ. ಇನ್ನೇನು ದಂಡೆ ಬಂತು ಎನ್ನುವಾಗ ದೋಣಿ ಬಾಳೆ ಬುಡಕ್ಕೆ ತಾಗಿ ಓಲಾಡಿತು. ಮೇಷ್ಟರ ಹೆಂಡತಿ "ಅಯ್ಯಪ್ಪಾ" ಎಂದು ಅಂಚನ್ನು ಗಬಕ್ಕನೆ ಹಿಡಿದೇಬಿಟ್ಟರು.

ಒಲೆ ಮುಂದೆ ಎಲ್ಲರೂ ಕರಿಕಾಫಿ ಕುಡಿಯುತ್ತಿದ್ದಾಗ ಮಾವ ಟಾರ್ಚ್ ಹಿಡಿದು ಶೆಡ್ಡಿಗೆ ಹೋದರು. ವಾರ್ನಿಷ್ ಮೇಲೆ ಐದು ಬೆರಳು, ಬಳೆಯ ಗೆರೆ ಸಮೇತ ಅಚ್ಚಾಗಿತ್ತು. ಹಿಂದೆಯೇ ಬಂದ ಮೇಷ್ಟ್ರು ಕೈ ಹಿಸುಕಿಕೊಂಡರು: "ತಪ್ಪಾಯ್ತು ಸುಬೇದಾರ್ರೇ, ಹಾಳಾಯ್ತಲ್ಲ."

"ಹಾಳು ಎಂತದ್ದು! ಬರೀ ಇಷ್ಟನ್ನೇ ತೇಪೆ ಹಾಕ್ಲಿಕ್ಕೆ ಆಗ್ತದಾ? ಪೂರಾ ಕೆರೆದು ಮೊದಲಿಂದ ಮಾಡ್ಬೇಕು" ಎಂದು ಮಾವ ಟಾರ್ಚನ್ನು ಮೇಷ್ಟರ ಕೈಗೆ ಕೊಟ್ಟು, ಆಗಲೇ ಆಚಾರಿಯ ನಂಬರ್ ಒತ್ತುತ್ತಿದ್ದರು.