ನೊಣದ ಗೋತ್ರವಿಚಾರ

ಕೆಲಸವಿಲ್ಲದವರು ನೊಣ ಹೊಡೆಯುತ್ತಾ ಕೂರುತ್ತಾರೆ ಎನ್ನುವುದು ಲೋಕದ ಮಾತು. ನಮ್ಮ ಅತ್ತೆಯವರ ಪ್ರಕಾರ ಅವರ ಅಳಿಯ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. "ಹೊಡೆಯೋದೂ ಇಲ್ಲ ಕಣೇ, ಫೋಟೋ ತೆಗೀತಾ ಕೂತಿರ್ತಾರೆ" ಎಂದು ಅವರು ತಂಗಿಗೆ ಫೋನಿನಲ್ಲಿ ವರದಿ ಒಪ್ಪಿಸುವುದು ಹಿತ್ತಿಲಿಗೂ ಕೇಳಿಸುತ್ತದೆ. ನಾನಾಗ ಅರಿಶಿನದ ಗಿಡದ ಮುಂದೆ ಮೊಣಕಾಲೂರಿ ಉಸಿರು ಬಿಗಿಹಿಡಿದಿರುತ್ತೇನೆ. ವಾದಕ್ಕಿಳಿಯಲು ಉಸಿರಿರುವುದಿಲ್ಲ.

ಎಲೆಯ ಮೇಲೆ ಕೂತಿರುವುದು ಉದ್ದಗಾಲಿನ ನೊಣ, ಡೋಲಿಕೊಪೊಡಿಡೇ ಕುಟುಂಬದ್ದು. ಅರ್ಧ ಸೆಂಟಿಮೀಟರೂ ಇರಲಿಕ್ಕಿಲ್ಲ. ಆದರೆ ಮೈತುಂಬ ಹಸಿರು ಕಲೆಸಿದ ಚಿನ್ನದ ಹೊಳಪು, ಮೇಲೆ ಗಾಜಿನಂಥ ರೆಕ್ಕೆ. ಫ್ಲಾಶ್ ಮಿಂಚಿದ ಕ್ಷಣದಲ್ಲೇ ಹಾರಿಹೋಗುವಷ್ಟು ಚುರುಕು. ಹೀಗಾಗಿ ನನ್ನ ಫೋನಿನಲ್ಲಿ ಬರಿಯ ಅರಿಶಿನದ ಎಲೆಗಳ ಅತ್ಯುತ್ತಮ ಸಂಗ್ರಹವಿದೆ. ಮಗಳ ಶಾಲಾ ವಾರ್ಷಿಕೋತ್ಸವಕ್ಕೆ ಮಾತ್ರ ಅದರಲ್ಲಿ ಜಾಗ ಸಾಲುವುದಿಲ್ಲ.

ಫೋಟೋ ಚೆನ್ನಾಗಿ ಬಂದರೂ ಪಾಡು ತಪ್ಪದು. ನೊಣ, ಸೊಳ್ಳೆಗಳ ಬಳಗದಲ್ಲಿ ಹೆಸರಿಟ್ಟ ಪ್ರಭೇದಗಳೇ 1,50,000ಕ್ಕೂ ಹೆಚ್ಚು. ರೆಕ್ಕೆ ಒಂದೇ ಜೊತೆ; ಹಿಂದಿನ ಜೊತೆ ಸವೆದು, ಹಾರುವಾಗ ಸಮತೋಲ ಕಾಯುವ ಪುಟ್ಟ ಗುಂಡುಕಡ್ಡಿಗಳಾಗಿವೆ. ಅಷ್ಟು ಜನರಲ್ಲಿ ಇವನಾರು ಎಂದು ಹೇಳಲು ರೆಕ್ಕೆಯ ನರ ಎಲ್ಲಿ ಬಾಗಿದೆ, ಬೆನ್ನ ಮೇಲೆ ಬಿರುಗೂದಲು ಎಷ್ಟಿದೆ ಎಂದು ಎಣಿಸಬೇಕು. ಮನೆನೊಣ ಪರವಾಗಿಲ್ಲ, ಬೆನ್ನ ಮೇಲಿನ ನಾಲ್ಕು ಕಪ್ಪು ಪಟ್ಟೆಗಳೇ ಅದರ ವಿಳಾಸ ಹೇಳುತ್ತವೆ.

ಬಾಳೆಹಣ್ಣಿನ ಬುಟ್ಟಿ ಸುತ್ತುವ ಕೆಂಗಣ್ಣಿನ ಡ್ರೊಸೊಫಿಲಾ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ. ನಮ್ಮದು ಮೈಸೂರು, ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರದವರು ಇದನ್ನು ಬಾಟಲಿಯಲ್ಲಿ ಮರ್ಯಾದೆಯಿಂದ ಸಾಕುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಆ ಗೌರವವಿಲ್ಲ. ಇದರ ಕೆಲವು ಪ್ರಭೇದಗಳು ಎಷ್ಟು ಹೋಲುತ್ತವೆಂದರೆ, ಗಂಡನ್ನು ಹಿಡಿದು ಹಿಂಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಖಚಿತವಾಗದು. ಆದ್ದರಿಂದ ಕೊಳೆತ ಪಚ್ಚಬಾಳೆ ಎಸೆಯಕೂಡದೆಂದು ಆಜ್ಞೆ ಹೊರಡಿಸಿ, ಕಾರಣವನ್ನೂ ವಿವರಿಸಿದೆ.

"ಗಂಡಿನ ಯೋಗ್ಯತೆ ಕಾಣಿಸಬೇಕಾದ್ರೆ ಸೂಕ್ಷ್ಮದರ್ಶಕ ಬೇಕು ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದು ಹೆಂಡತಿ ಬುಟ್ಟಿಯನ್ನು ತಂದು ನನ್ನ ಕಂಪ್ಯೂಟರಿನ ಪಕ್ಕಕ್ಕೆ ಇಟ್ಟು ಹೋದಳು.

ಅತ್ತೆಯವರ ತುಳಸಿಪೂಜೆಗೆ ದಿನವೂ ತಪ್ಪದೆ ಹಾಜರಾಗುವುದು ಹೂನೊಣ. ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹೊಟ್ಟೆಯ ಮೇಲೆ ಕಿತ್ತಳೆ-ಕಪ್ಪು ಪಟ್ಟೆ, ಥೇಟು ಜೇನಿನ ವೇಷ. ಅವರು ಉದ್ಧರಣೆ ಎತ್ತಿ ಓಡಿಸಲು ಹೋದಾಗ "ಅಲ್ಲಾಡಬೇಡಿ, ಅದು ಕಚ್ಚಲ್ಲ!" ಎಂದು ಕೂಗಿದೆ. "ಕಚ್ಚೋದಿಲ್ಲ ಅಂದ್ರೆ ಆ ವೇಷ ಯಾಕೆ ಹಾಕ್ಕೊಂಡಿದೆ?" ಎಂದರು. ಪ್ರಶ್ನೆಯಲ್ಲೇ ಉತ್ತರವಿತ್ತು. ಅದರ ಮರಿಹುಳು ಅವರ ಅವರೆಬಳ್ಳಿಯ ಹೇನು ತಿಂದು ಬದುಕುತ್ತದೆಂದು ಹೇಳಿದ ಮೇಲೆ ಹೂನೊಣಕ್ಕೆ ಅಭಯ ಸಿಕ್ಕಿತು. ನನಗಿನ್ನೂ ಸಿಕ್ಕಿಲ್ಲ.

ಒಟ್ಟಿನಲ್ಲಿ ನನ್ನ ವಿದ್ಯೆ ಬಹುಮಟ್ಟಿಗೆ ಕುಟುಂಬದ ಹೆಸರಿಗೇ ನಿಲ್ಲುತ್ತದೆ. ಗೋತ್ರ ಗೊತ್ತು, ಹುಡುಗನ ಹೆಸರು ಮಾತ್ರ ಗೊತ್ತಿಲ್ಲ ಎನ್ನುವ ಮದುವೆ ದಲ್ಲಾಳಿಯ ಸ್ಥಿತಿ.

ಈ ಕಳಂಕ ತೊಳೆಯುವ ಅವಕಾಶ ಒಂದು ಮಧ್ಯಾಹ್ನ ಬಂತು. ಎಡ ಮುಂಗೈ ಮೇಲೆ ಬಿಳಿ ಪಟ್ಟೆಯ ಕಾಲುಗಳ ಸೊಳ್ಳೆ. ಈಡಿಸ್ ಎನ್ನುವುದು ನೋಡಿದೊಡನೆ ತಿಳಿಯಿತು. ಬೆನ್ನ ಮೇಲೆ ನೆಟ್ಟನೆಯ ಒಂದೇ ಬಿಳಿ ಗೀರಿದ್ದರೆ ಆಲ್ಬೊಪಿಕ್ಟಸ್, ಎರಡೂ ಬದಿಗೆ ಬಾಗಿದ ಬಿಳಿ ಗೆರೆಗಳಿದ್ದರೆ ಡೆಂಗಿಗೆ ಹೆಸರಾದ ಈಜಿಪ್ಟೈ. ಕುಲ, ಗೋತ್ರ, ಹೆಸರು ಎಲ್ಲವನ್ನೂ ಬರಿಯ ಫೋಟೋ ನೋಡಿ ಹೇಳಬಹುದು! ಸೊಳ್ಳೆ ಊಟಕ್ಕೆ ಕೂತಿತು. ನಾನು ಬಲಗೈಯಲ್ಲಿ ಫೋನು ಹಿಡಿದು ಫೋಕಸ್ ಮಾಡಿದೆ. ಹೊಟ್ಟೆ ಕೆಂಪಾಗುತ್ತಿತ್ತು, ಬೆನ್ನು ಇನ್ನೇನು ಸ್ಪಷ್ಟವಾಗಬೇಕು...

ಫಟ್!

"ಡೆಂಗಿ ಬಂದ್ರೆ ಪ್ಲೇಟ್ಲೆಟ್ ನಾನು ತಂದುಕೊಡ್ಲಾ?" ಎಂದಳು ಹೆಂಡತಿ. ಫೋಟೋದಲ್ಲಿ ಆಕೆಯ ಅಂಗೈ ಗೆರೆಗಳು ಬಹಳ ಸ್ಪಷ್ಟವಾಗಿ ಬಂದಿವೆ.

ನಿಮ್ಮ ಮನೆಯಂಗಳದ ನೊಣ ಯಾವುದೆಂದು ಯಾರನ್ನಾದರೂ ಕೇಳುವುದಿದ್ದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖಕ್ಕೆ ಒಂದು, ಚಾಚಿದ ರೆಕ್ಕೆಗೆ ಒಂದು ಫೋಟೋ ತೆಗೆಯಿರಿ. ಊರು, ತಿಂಗಳು, ಕೂತಿದ್ದ ಗಿಡ ಬರೆದಿಡಿ. ಈಡಿಸ್ ಸಿಕ್ಕರೆ ಫೋಟೋ ಬೇಡ, ಮೊದಲು ಹೊಡೆಯಿರಿ.