ಆಡುವವನೇ ಆಟದೊಡೆಯ

ಭಟ್ಕಳದ ದುಬೈ ಮಾರ್ಕೆಟ್ಟಿನಲ್ಲಿ ಸಿಗದ ವಸ್ತು ದುಬೈಯಲ್ಲೂ ಸಿಗುವುದಿಲ್ಲ ಎಂಬುದು ಹೊನ್ನಾವರ, ಕುಮಟಾ ಕಡೆಯ ನಮ್ಮ ದೃಢವಾದ ನಂಬಿಕೆ. ಸಮುದ್ರದ ಆಚೆ ದಂಡೆಯಲ್ಲಿ ದುಡಿಯುವ ನವಾಯತರ ಊರು ಅದು. ಅತ್ತರು, ಕಂಬಳಿ, ಟಾರ್ಚು, ಸಾಬೂನು ಎಲ್ಲವೂ ಅಲ್ಲಿಂದಲೇ ನಮ್ಮ ಮನೆಗಳಿಗೆ ಬರಬೇಕು. ಸೋನಿ ಕಂಪನಿಯ ಪಿಎಸ್‌ಪಿ ಎಂಬ ಅಂಗೈ ಆಟದ ಯಂತ್ರ ಹಳದೀಪುರದ ನಮ್ಮ ಜಗಲಿಗೆ ಬಂದದ್ದೂ ಅದೇ ದಾರಿಯಲ್ಲಿ. ಶಾರ್ಜಾದಿಂದ ತರುತ್ತೇನೆಂದು ಮಾತು ಕೊಟ್ಟಿದ್ದ ಭಾವ ಅದನ್ನು ಮರೆತು ಊರಿಗೆ ಬಂದಿದ್ದ. ನೆನಪಾದದ್ದೇ ಭಟ್ಕಳದಲ್ಲಿಳಿದು ಒಂದು ಕೊಂಡು, ಡಬ್ಬಿಗೆ ಶಾರ್ಜಾದ ಅತ್ತರು ಸಿಂಪಡಿಸಿ ಕೊಟ್ಟ.

ಯಂತ್ರವೇನೋ ಚೆಂದ. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು. ಒಳಗಿನ ಪ್ರೊಸೆಸರು 333 ಮೆಗಾಹರ್ಟ್ಸ್ ವೇಗದಲ್ಲಿ ಓಡಬಲ್ಲದು, ಆದರೆ ಕಂಪನಿ ಅದನ್ನು 222ಕ್ಕೇ ತಡೆದು ಮಾರುತ್ತಿತ್ತು. ಆ ತಡೆ ತೆಗೆದದ್ದು 2007ರಲ್ಲಿ. ಕಂಪನಿಯ ರುಜು ಇಲ್ಲದ ಪ್ರೋಗ್ರಾಮನ್ನಂತೂ ಅದು ಮೂಸಿಯೂ ನೋಡುತ್ತಿರಲಿಲ್ಲ. ದುಡ್ಡು ನಮ್ಮದು, ಕರೆಂಟು ನಮ್ಮದು, ನೋಯುವ ಹೆಬ್ಬೆರಳೂ ನಮ್ಮದೇ. ಯಜಮಾನಿಕೆ ಮಾತ್ರ ಟೋಕಿಯೋದಲ್ಲಿ.

ಇದನ್ನೆಲ್ಲ ಕೇಳಿಸಿಕೊಂಡ ಅಜ್ಜ ಕವಳ ಉಗುಳಿ ಬಂದು ಹೇಳಿದ: "ಹಂಗಾರೆ ನೀ ಗೇಣಿಗೆ ತಗಂಡಂಗೆ ಆತಲಾ ಮಾಣಿ."

ಗೇಣಿಯ ವಿಷಯದಲ್ಲಿ ಅಜ್ಜನ ಮಾತಿಗೆ ಎದುರಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರು ಜಿಲ್ಲೆಯ ಗೇಣಿದಾರರನ್ನು ಸಂಘಟಿಸುವಾಗ ಅವನು ಚಡ್ಡಿ ಹಾಕುವ ಹುಡುಗ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬರುವಾಗ ಗದ್ದೆಯ ಒಡೆಯ. ಉಳುವವನೇ ಹೊಲದೊಡೆಯ ಎಂದು ಸರಕಾರವೇ ಹೇಳಿದ ಮೇಲೆ ನಮ್ಮ ಗೇಣಿದಾರ 7ನೇ ನಮೂನೆ ತುಂಬಿ ಡಿಕ್ಲರೇಶನ್ ಕೊಟ್ಟ. ಗದ್ದೆ ಹೋಯಿತು. ಅಜ್ಜ ಅವನೊಡನೆ ಮಾತು ಬಿಡಲಿಲ್ಲ, ಕೂತು ಕವಳ ಹಾಕುವುದನ್ನೂ ಬಿಡಲಿಲ್ಲ. ಸಿಟ್ಟೆಲ್ಲ ಆ ಸಂಖ್ಯೆಯ ಮೇಲೆ. ಸಂತೆಯಲ್ಲಿ ಮಾವಿನಹಣ್ಣು ಕೊಂಡರೆ ಆರು, ಇಲ್ಲವೇ ಎಂಟು.

ಪಿಎಸ್‌ಪಿಯ ಗೇಣಿದಾರರು ಜಗತ್ತಿನ ತುಂಬ ಇದ್ದರು, ಅವರೂ ಸುಮ್ಮನೆ ಕೂರಲಿಲ್ಲ. ಯಂತ್ರದಲ್ಲಿ ತಾವೇ ಬರೆದ ಪ್ರೋಗ್ರಾಮು ಓಡಿಸಬೇಕೆಂಬುದು ಅವರ ಹಟ. ಇಂಥ ಮನೆತಯಾರಿಯ ಸರಕಿಗೆ ಹೋಮ್‌ಬ್ರೂ ಎನ್ನುತ್ತಾರೆ. 2005ರಲ್ಲಿ ಎರಡು ಮೆಮರಿ ಕಾರ್ಡು ಇಟ್ಟುಕೊಂಡು, ಒಂದನ್ನು ತೋರಿಸಿ ಯಂತ್ರ ತಲೆಯಾಡಿಸುವಷ್ಟರಲ್ಲಿ ಇನ್ನೊಂದನ್ನು ತುರುಕುವ ಉಪಾಯ ಹುಡುಕಿದರು. ಕಂಪನಿ ಆ ಕಿಂಡಿ ಮುಚ್ಚಿತು. ಆಮೇಲೆ ಒಂದು ವಕ್ರ ಚಿತ್ರದ ಫೈಲು ತೆರೆಸಿ ಒಳಹೊಕ್ಕರು. ಅದನ್ನೂ ಮುಚ್ಚಿತು. ಗ್ರ್ಯಾಂಡ್ ಥೆಫ್ಟ್ ಆಟೋ ಆಟದಲ್ಲಿ ಉಳಿಸಿಟ್ಟ ಫೈಲಿನ ಮೂಲಕ ನುಗ್ಗಿದರು. ಪ್ರತಿ ಸಲವೂ ಹೊಸ ಅಪ್‌ಡೇಟು, ಹೊಸ ಬೀಗ.

2007ರ ಆಗಸ್ಟಿನಲ್ಲಿ ಬಂದ ಪಾಂಡೋರಾ ಬ್ಯಾಟರಿಯ ಮುಂದೆ ಮಾತ್ರ ಯಾವ ಅಪ್‌ಡೇಟೂ ನಡೆಯಲಿಲ್ಲ. ಇದರ ಕತೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಪಿಎಸ್‌ಪಿಯ ಬ್ಯಾಟರಿಯೊಳಗೆ ಒಂದು ಸಣ್ಣ ಚಿಪ್ಪು, ಅದರಲ್ಲೊಂದು ಕ್ರಮಸಂಖ್ಯೆ. ಅಂಕಿಗಳ ಜಾಗದಲ್ಲೆಲ್ಲ ಎಫ್ ಎಂದಿದ್ದರೆ ಯಂತ್ರಕ್ಕೆ ಅದು ರಿಪೇರಿಯವನ ಬ್ಯಾಟರಿ. ಆಗ ತನ್ನ ಒಳಗಿನ ಮೆಮರಿಯ ಗೊಡವೆ ಬಿಟ್ಟು ನೇರ ಮೆಮರಿ ಕಾರ್ಡಿನಿಂದಲೇ ಏಳುತ್ತದೆ. ಆ ಚಿಪ್ಪಿನ ಒಂದು ಕಾಲು ಎತ್ತಿದರೆ ಸಂಖ್ಯೆ ಓದಲಾಗದೆ ಎಲ್ಲವೂ ಎಫ್ ಆಗುತ್ತದೆ. ಕಂಪನಿಯ ರಿಪೇರಿಗಾರನಿಗೆಂದು ಇಟ್ಟ ಹಿತ್ತಿಲ ಬಾಗಿಲು ಹೀಗೆ ಊರಿಗೆಲ್ಲ ತೆರೆಯಿತು. ಸ್ಪೇನಿನಲ್ಲಿ ಕೂತ ಡಾರ್ಕ್ ಅಲೆಕ್ಸ್ ಎಂಬ ಅಡ್ಡಹೆಸರಿನಾತ ತಿದ್ದಿ ಬರೆದ ಒಳತಂತ್ರಾಂಶ (ಕಸ್ಟಮ್ ಫರ್ಮ್‌ವೇರು) ಆ ಬಾಗಿಲಿನಿಂದ ಒಳಬಂದು ಕೂತಿತು.

ಶರಾವತಿ ಸೇತುವೆ ದಾಟಿ, ಮಂಕಿ, ಶಿರಾಲಿಯ ಮೇಲಾಸಿ ಭಟ್ಕಳಕ್ಕೆ ಹೋದೆ. ಅಂಗಡಿಯ ಹುಡುಗ ತನ್ನ ಮಾಮನೊಡನೆ ನವಾಯತಿಯಲ್ಲಿ, ನನ್ನೊಡನೆ ಕನ್ನಡದಲ್ಲಿ, ಫೋನಿನಲ್ಲಿ ಉರ್ದುವಿನಲ್ಲಿ ಮಾತಾಡುತ್ತಲೇ ಬ್ಲೇಡಿನಿಂದ ಬ್ಯಾಟರಿ ಬಿಚ್ಚಿ ಕಾಲು ಎತ್ತಿದ. "ಗೇಮ್ ತುಂಬಿ ಕೊಡ್ಲಾ ಅಣ್ಣ? ಕಾರ್ಡು ಹಿಡಿಯುವಷ್ಟು" ಎಂದ. ಬೇಡವೆಂದೆ. ದುಡ್ಡು ಕೊಡದ ಕಳ್ಳ ಪ್ರತಿಗಳ ಬಗ್ಗೆ ಅಜ್ಜನ ತೀರ್ಪು ಅದಕ್ಕೂ ಮೊದಲೇ ಬಂದಿತ್ತು: "ಪಕ್ಕದವ್ನ ಗದ್ದೆ ಭತ್ತ ಕೊಯ್ಕಂಡು ಬಂದ್ರೆ ಅದು ಡಿಕ್ಲರೇಶನ್ ಅಲ್ದೊ, ಕಳವು."

ಬೀಗ ತೆಗೆದದ್ದಾಯಿತು. ಇನ್ನು ಏನಾದರೂ ಬೆಳೆಯಬೇಕು. ಕುಮಟೆಯ ಸೈಬರ್ ಕೆಫೆಯಿಂದ ಲುವಾ ಪ್ಲೇಯರ್ ಇಳಿಸಿಕೊಂಡೆ. ಅದಿದ್ದರೆ ನಾಲ್ಕು ಸಾಲು ಬರೆದು ಪಿಎಸ್‌ಪಿಯಿಂದ ಬೇಕಾದ ಕೆಲಸ ಮಾಡಿಸಬಹುದು. ನಾನು ಬರೆದದ್ದು ರಾಹುಕಾಲ. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ, ಹೀಗೆ ವಾರಕ್ಕೆ ಏಳೇ ಸಾಲು. (ಏಳು ಎಂಬುದನ್ನು ಅಜ್ಜನಿಗೆ ಹೇಳಲಿಲ್ಲ.) ತೊಡಕು ಬಂದದ್ದು ಅಕ್ಷರದಲ್ಲಿ. ಯಂತ್ರಕ್ಕೆ ಇಂಗ್ಲಿಷು, ಜಪಾನಿ ಬರುತ್ತಿತ್ತೇ ಹೊರತು ಕನ್ನಡ ಬಾರದು. ಒತ್ತಕ್ಷರವೆಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಕೊನೆಗೆ ಒಂದೊಂದು ದಿನದ್ದನ್ನೂ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದು ಚಿತ್ರವಾಗಿಸಿ 480×272 ಚುಕ್ಕಿಯ ಪರದೆಗೆ ಕೂರಿಸಿದೆ. ಗೋಲ ಒತ್ತಿದರೆ ರಾಹುಕಾಲ, ತ್ರಿಕೋನ ಒತ್ತಿದರೆ ಗುಳಿಕಕಾಲ.

ಅಜ್ಜ ಕನ್ನಡಕ ಹಾಕಿ, ಗೋಡೆಯ ಪಂಚಾಂಗದೊಡನೆ ತಾಳೆ ನೋಡಿ, "ಅಡ್ಡಿಲ್ಲೆ" ಎಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅಂದಿನಿಂದ ಯಂತ್ರ ಅವನ ದಿಂಬಿನಡಿಗೆ ಹೋಯಿತು. ಕೊನೆ ಕೊಯ್ಯಲು ಹೊರಟವರು, ಬ್ಯಾಂಕಿಗೆ ಹೊರಟವರು, ಹುಡುಗಿ ನೋಡಲು ಹೊರಟವರು ಎಲ್ಲರೂ ಜಗಲಿಯಲ್ಲಿ ನಿಂತು ಸೋನಿಯ ಅಪ್ಪಣೆ ಪಡೆದೇ ಮುಂದೆ ಹೋಗಬೇಕು. ಒಮ್ಮೆ ಬ್ಯಾಟರಿ ಬಹಳ ದಿನ ಖಾಲಿ ಬಿದ್ದು ಯಂತ್ರದ ತಾರೀಕು ಹಿಂದೆ ಹೋದಾಗ ಚಿಕ್ಕಪ್ಪ ಅಪ್ಪಟ ರಾಹುಕಾಲದಲ್ಲಿ ಎಮ್ಮೆ ಕೊಂಡು ಬಂದ. ಎಮ್ಮೆ ಚೆನ್ನಾಗಿಯೇ ಹಾಲು ಕೊಟ್ಟಿತು, ಆ ಮಾತು ಬೇರೆ. ನನಗೆ ಒಂದು ಗಳಿಗೆ ಆಡಬೇಕಾದರೂ ಅಜ್ಜನನ್ನೇ ಕೇಳಬೇಕಿತ್ತು. ಕವಳ ಕಟ್ಟಿಕೊಟ್ಟರೆ ಆಟ, ಇಲ್ಲದಿದ್ದರೆ ಇಲ್ಲ. 1974ರಲ್ಲಿ ಹೋದ ಒಡೆತನ ಹೀಗೆ ಮನೆಗೆ ಬಂತು, ಗೇಣಿಯ ಸಮೇತ.

ಪಿಎಸ್‌ಪಿಯ ತಯಾರಿಕೆ 2014ರಲ್ಲಿ ನಿಂತಿದೆ. ನಿಮ್ಮ ಅಟ್ಟದಲ್ಲೂ ಒಂದು ಬಿದ್ದಿದ್ದರೆ ದಯವಿಟ್ಟು ಹಿಂಬದಿಯ ಮುಚ್ಚಳ ತೆಗೆದು ನೋಡಿ. ಹಳೆಯ ಬ್ಯಾಟರಿಗಳು ಉಬ್ಬುತ್ತವೆ; ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಹೊರತೆಗೆದು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಬ್ಯಾಟರಿ ಇಲ್ಲದೆಯೂ ಅದು ಚಾರ್ಜರಿನ ಮೇಲೆ ಓಡುತ್ತದೆ.