ಇವನೇ ಕೊಲೆಗಾರ!

ಅಗಾಥಾ ಕ್ರಿಸ್ಟಿಯನ್ನು ಹಳೇ ಪುಸ್ತಕದ ಅಂಗಡಿಯಲ್ಲಿ ಕೊಳ್ಳಬಾರದು ಮಾರಾಯರೇ. ನನ್ನ ‘ಡೆತ್ ಆನ್ ದಿ ನೈಲ್’ (1937) ಪ್ರತಿಯನ್ನು ನನಗಿಂತ ಮೊದಲು ಯಾರೋ ಪುಣ್ಯಾತ್ಮರು ಪೆನ್ಸಿಲ್ ಹಿಡಿದೇ ಓದಿದ್ದಾರೆ. ಕೊಲೆಯೇ ಇನ್ನೂ ಆಗಿಲ್ಲ, ಆಗಲೇ ಒಂದು ಹೆಸರಿನ ಪಕ್ಕ ದುಂಡಗೆ ‘ಇವನೇ!’. ಎದೆ ಒಡೆದುಹೋಯಿತು. ನಾಲ್ಕು ಪುಟ ತಿರುವಿದರೆ ‘ಅಲ್ಲ, ಇವಳು’. ಮುಂದೆ ‘ಇಬ್ಬರೂ ಅಲ್ಲ, ಆ ಡಾಕ್ಟರು’. ಹೀಗೆ ಹಡಗಿನಲ್ಲಿದ್ದವರನ್ನೆಲ್ಲ ಗಲ್ಲಿಗೇರಿಸಿ, ಕೊನೆಯ ಪುಟದಲ್ಲಿ ಬರೀ ‘ಥೂ!’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಎಂಥ ಆಪ್ತ ಜೀವ! ನನ್ನ ಪತ್ತೇದಾರಿಕೆಯೂ ಇದೇ ದರ್ಜೆಯದು.

ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಹಾಗಾಗಿ ವಿಷದ ವಿಚಾರದಲ್ಲಿ ಲೆಕ್ಕ ತಪ್ಪುವುದಿಲ್ಲ. 1920ರ ಮೊದಲ ಕಾದಂಬರಿಯಲ್ಲೇ ಸ್ಟ್ರಿಕ್ನಿನ್, ಅದೂ ಭಾರೀ ಕಹಿ. ಆ ಕಾದಂಬರಿ ಮುಗಿಸಿದ ಬೆಳಿಗ್ಗೆ ಕಾಫಿ ಗುಟುಕರಿಸಿ, ‘ಇದೇಕೆ ಇಷ್ಟು ಕಹಿ?’ ಎಂದು ಹುಬ್ಬೇರಿಸಿದೆ.

‘ಸಕ್ಕರೆ ಬಿಡಿ ಅಂತ ಡಾಕ್ಟರು ಹೇಳಿದ್ದು ನನಗಲ್ಲ, ನಿಮಗೆ’ ಎಂದಳು ಮನೆಯಾಕೆ.

ನನ್ನ ಅಚ್ಚುಮೆಚ್ಚಿನದು ಮಾತ್ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926). ಏಕೆಂದು ಬಾಯಿಬಿಟ್ಟರೆ ಓದುವ ಮಜವೇ ಹೋಯಿತು. ಹೇಳಬಹುದಾದದ್ದು ಇಷ್ಟೇ: ನಿವೃತ್ತನಾದ ಪತ್ತೇದಾರ ಪ್ವಾರೋ ಹಳ್ಳಿಗೆ ಬಂದು ಸೋರೆಕಾಯಿ ಜಾತಿಯ ತರಕಾರಿ ಬೆಳೆಯುತ್ತಿರುತ್ತಾನೆ. ಒಂದು ದಿನ ತಲೆಕೆಟ್ಟು ಗೋಡೆಯಾಚೆ ಎಸೆದ ಕಾಯಿ, ಪಕ್ಕದ ಮನೆಯ ಡಾಕ್ಟರ ಕಾಲಬುಡದಲ್ಲಿ ಪಚಕ್ಕನೆ ಬೀಳುತ್ತದೆ.